‘ಹಲ್ಲಿಗೆ ಹುಳ’ ಅನ್ನದೆ ಬೇರೆ ಏನು ಅನ್ನಬಹುದು?

ಎಲ್ಲರಿಗೂ ನಮಸ್ಕಾರ.

ನಾನು ಮಕ್ಕಳ ಹಲ್ಲಿನ ಡಾಕ್ಟರು. ಭಾಷೆ ನನ್ನ ಕಸುಬಲ್ಲ. ಆದರೆ ಒಂದು ಪದ ನನ್ನ ಕೆಲಸಕ್ಕೇ ಅಡ್ಡ ಬಂದಿದೆ. ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ಹೋದ ತಿಂಗಳು ಎಂಟು ವರ್ಷದ ಹುಡುಗನೊಬ್ಬ ಬಂದಿದ್ದ. ದವಡೆಯ ಒಂದು ಹಾಲುಹಲ್ಲು ಹುಳುಕಾಗಿತ್ತು. ದಿನಕ್ಕೆ ಹತ್ತು ಸಲ ಹೇಳುವ ಮಾತನ್ನೇ ಅವನಿಗೂ ಹೇಳಿದೆ: “ಹಲ್ಲಿಗೆ ಹುಳ ಬಿದ್ದಿದೆ ಪುಟ್ಟಾ, ತೆಗೆದುಬಿಡೋಣ.” ಬಾಯಿ ಮುಚ್ಚಿದವನು ಮತ್ತೆ ತೆರೆಯಲಿಲ್ಲ. ಮನೆಗೆ ಹೋಗಿ ಊಟವನ್ನೂ ಬಿಟ್ಟ. ತಿಂದರೆ ಹುಳ ಅನ್ನದ ಜೊತೆ ಹೊಟ್ಟೆಗೆ ಇಳಿಯುತ್ತದೆ, ತಿನ್ನದಿದ್ದರೆ ಉಪವಾಸ ಬಿದ್ದು ಸಾಯುತ್ತದೆ. ಇದು ಅವನ ಲೆಕ್ಕ. ಎರಡು ದಿನ ಬಿಟ್ಟು ಅವನ ತಾಯಿ ಫೋನ್ ಮಾಡಿದಾಗ ನನಗೆ ನಾಚಿಕೆಯಾಯಿತು. ಅವನ ಕಾಯಿಲೆಯ ವಿಷಯ ಫೈಲಿನಲ್ಲಿ ಬರೆದಿತ್ತು. ನಾನು ಓದಿಯೂ ಇದ್ದೆ.

ಅವನಿಗಿರುವುದು ಪಾಂಡಾಸ್, ಗಂಟಲ ಸೋಂಕಿನ ಬೆನ್ನಿಗೆ ಕೆಲವು ಮಕ್ಕಳಿಗೆ ಬರುವ ಗೀಳಿನ ಕಾಯಿಲೆ. (ಅಜ್ಜಿ ಅದನ್ನು ಪಾಂಡುರೋಗ ಅಂದುಕೊಂಡು, ರಕ್ತ ಕಮ್ಮಿಯಾಗಿದೆ ಅಂತ ದಿನಾ ಖರ್ಜೂರ ತಿನ್ನಿಸುತ್ತಿದ್ದರಂತೆ. ಖರ್ಜೂರ ಹಲ್ಲಿಗೆ ಅಂಟುತ್ತದೆ ಅನ್ನುವ ಜಗಳ ಬೇರೆ ದಿನಕ್ಕಿರಲಿ.) ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸೂಸನ್ ಸ್ವೀಡೊ ಮತ್ತು ಜೊತೆಗಾರರು 1998ರಲ್ಲಿ 50 ಮಕ್ಕಳ ವಿವರ ಪ್ರಕಟಿಸಿದರು, ಆ ಹೆಸರು ಅಲ್ಲಿಂದ ಓಡಾಟಕ್ಕೆ ಬಂತು. ಗಂಟಲಿಗೆ ಸ್ಟ್ರೆಪ್ (ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾ) ಸೋಂಕು ಬಂದ ಬೆನ್ನಿಗೆ ಮಗುವಿಗೆ ಇದ್ದಕ್ಕಿದ್ದ ಹಾಗೆ ಗೀಳು ಹತ್ತಿಕೊಳ್ಳುತ್ತದೆ, ಅಂದರೆ ಬೇಡವೆಂದರೂ ಒಂದೇ ಯೋಚನೆ, ಒಂದೇ ಕೆಲಸ ಬಿಡದೆ ಕಾಡುತ್ತದೆ. ಇಲ್ಲವೇ ಕಣ್ಣು ಮಿಟುಕಿಸುವುದು, ಭುಜ ಕುಣಿಸುವುದು ಶುರುವಾಗುತ್ತದೆ. 2012ರಲ್ಲಿ ಪ್ಯಾನ್ಸ್ ಅನ್ನುವ ಇನ್ನೂ ಅಗಲವಾದ ಹೆಸರು ಬಂತು. ಅದಕ್ಕೆ ಸ್ಟ್ರೆಪ್ ಇರಲೇಬೇಕು ಅಂತಿಲ್ಲ. ದಿಢೀರನೆ ಊಟ ಬಿಡುವುದೂ ಅದರ ಮುಖ್ಯ ಲಕ್ಷಣಗಳಲ್ಲಿ ಒಂದು. ನಾನು ಹುಳದ ಮಾತು ಆಡಿದ್ದು ಎಂಥ ಮಗುವಿನ ಹತ್ತಿರ ಅಂತ ಈಗ ಗೊತ್ತಾಯಿತಲ್ವಾ?

ಮೈಯನ್ನು ಕಾಯಬೇಕಾದ ಶಕ್ತಿ ಮಿದುಳಿನ ಒಂದು ಭಾಗದ ಮೇಲೆಯೇ ತಿರುಗಿಬೀಳುತ್ತದೆ ಅನ್ನುವುದು ಇದರ ಹಿಂದಿನ ವಾದ. ವೈದ್ಯರು ಈ ಬಗ್ಗೆ ಇನ್ನೂ ಒಮ್ಮತಕ್ಕೆ ಬಂದಿಲ್ಲ. ಇಂಥ ಮಕ್ಕಳ ತಂದೆ ತಾಯಿಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ಗೆಳೆಯರೊಬ್ಬರು ‘ಸ್ವಯಂ ಪ್ರತಿರಕ್ಷಣಾ ಕಾಯಿಲೆ’ ಅಂತ ಬರೆದುಕೊಟ್ಟರು. ಒಬ್ಬ ತಾಯಿಗೆ ಓದಿ ಹೇಳಿದೆ. “ತನ್ನನ್ನು ತಾನೇ ರಕ್ಷಣೆ ಮಾಡ್ಕೊಳ್ಳೋದು ಒಳ್ಳೇದೇ ಅಲ್ವಾ ಮೇಡಂ?” ಅಂದರು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಕಣಮ್ಮ ಅಂದೆ. ಅಷ್ಟೇ, ಮತ್ತೆ ವಿವರಿಸಬೇಕಾಗಲಿಲ್ಲ. ಕರಪತ್ರದಲ್ಲೂ ಆ ಗಾದೆಯನ್ನೇ ಇಟ್ಟಿದ್ದೇನೆ. ‘ಬೇಲಿಮೇವು’ ಅಂತ ಒಂದು ಪದ ಕಟ್ಟಿದರೆ ಹೇಗೆ ಅಂತ ಒಮ್ಮೆ ಹೊಳೆಯಿತು. ನಗಬೇಡಿ.

ಈಗ ಹುಳದ ವಿಷಯ. ಹಲ್ಲನ್ನು ಹುಳ ತಿನ್ನುತ್ತದೆ ಅನ್ನುವ ನಂಬಿಕೆ ನಮ್ಮದು ಮಾತ್ರ ಅಲ್ಲ. ಬ್ಯಾಬಿಲೋನಿನ ಮಣ್ಣಿನ ಹಲಗೆಯೊಂದರಲ್ಲಿ ಹಲ್ಲುನೋವಿಗೆ ಹೇಳುವ ಮಂತ್ರವಿದೆ, ಅದರಲ್ಲೂ ಹುಳವೇ ಕಳ್ಳ. ಫ್ರಾನ್ಸಿನ ಹಲ್ಲಿನ ವೈದ್ಯ ಪಿಯೇರ್ ಫೊಶಾರ್ 1728ರ ತನ್ನ ಪುಸ್ತಕದಲ್ಲಿ ಈ ನಂಬಿಕೆಯನ್ನು ತಳ್ಳಿಹಾಕಿದ. ನಮ್ಮಲ್ಲಿ ನೆಲಗುಳ್ಳದ ಬೀಜವನ್ನು ಕೆಂಡಕ್ಕೆ ಹಾಕಿ, ಬಾಯಿಗೆ ಹೊಗೆ ಹಿಡಿಸಿ, “ನೋಡಿ ಹುಳ ಬಿತ್ತು” ಅಂತ ತೋರಿಸುವ ನಾಟಿ ಮದ್ದು ಇತ್ತು. ನಂಬಿಕೆ ಹೋದರೂ ಮಾತು ಉಳಿದಿದೆ. ‘ಹುಳುಕು’ ಅನ್ನುವುದರೊಳಗೇ ಹುಳು ಕೂತಿದೆ. ಆದರೆ ಮಕ್ಕಳಿಗೆ ಅದು ಕೇಳಿಸುವುದಿಲ್ಲ ಅಂತ ನನ್ನ ಅನುಭವ. ಹೆದರಿಸುವುದು ಬರಿಯ ‘ಹುಳ’.

ಬದಲಿ ಪದ ಹುಡುಕುತ್ತಾ ಹೋದೆ. ‘ದಂತಕ್ಷಯ’ ಪುಸ್ತಕದಲ್ಲಿದೆ. ಒಮ್ಮೆ ಚೀಟಿಯಲ್ಲಿ ಬರೆದಿದ್ದೆ. ‘ಕ್ಷಯ’ ಓದಿದ ತಂದೆಯೊಬ್ಬರು ಮಗುವಿಗೆ ಕಫ ಪರೀಕ್ಷೆ ಮಾಡಿಸಬೇಕಾ ಅಂತ ಕೇಳಿದರು. ‘ಕೊಳೆತಿದೆ’ ಅನ್ನುವ ಮಾತು ಇನ್ನೂ ಕೆಟ್ಟದ್ದು. ಕೊಳಕಿನ ಗೀಳು ಇರುವ ಮಗುವಿಗೆ ಅದನ್ನು ಹೇಳಿ ನೋಡುವ ಧೈರ್ಯ ನನಗಿಲ್ಲ. ‘ತೂತು’ ಸರಿಯಾದ ಪದ, ಆದರೆ ಮಗು ನಾಲಗೆಯಿಂದ ಅದನ್ನೇ ತಡಕುತ್ತಾ, ದೊಡ್ಡದಾಯ್ತಾ ಅಂತ ದಿನವಿಡೀ ಕೇಳುತ್ತಿರುತ್ತದೆ. ಹಾಗೆ ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಳ್ಳುವುದೂ ಗೀಳಿನದೇ ಒಂದು ರೂಪ. ‘ಕ್ಯಾವಿಟಿ’ ಪೇಸ್ಟಿನ ಜಾಹೀರಾತಿನಿಂದ ಎಲ್ಲರಿಗೂ ಗೊತ್ತು. ಅರ್ಥ ಗೊತ್ತಿಲ್ಲ, ಹಾಗಾಗಿ ಹೆದರಿಕೆಯೂ ಇಲ್ಲ. ಬೇರೆ ದಾರಿ ಇಲ್ಲದಾಗ ಅದನ್ನೇ ಬಳಸುತ್ತೇನೆ.

ನನ್ನ ಮನಸ್ಸು ಈಗ ‘ಗುಳಿ’ಯ ಕಡೆ ವಾಲಿದೆ. ಗುಳಿಕೆನ್ನೆ ಅಂದರೆ ಚಂದ ತಾನೆ? “ಹಲ್ಲಿನಲ್ಲಿ ಒಂದು ಪುಟ್ಟ ಗುಳಿ ಬಿದ್ದಿದೆ, ಸಿಮೆಂಟ್ ಹಾಕಿ ಮುಚ್ಚೋಣ” ಅಂದರೆ ರಸ್ತೆ ರಿಪೇರಿಯಷ್ಟು ಸಲೀಸಾಗಿ ಕೇಳಿಸುತ್ತದೆ. ಆದರೆ ಗುಳಿ ಅನ್ನುವುದು ನಿಮ್ಮ ಕಡೆ ಹಲ್ಲಿಗೆ ಒಗ್ಗುತ್ತದೆಯಾ? ಧಾರವಾಡದ ಕಡೆಯವರು “ಹಲ್ಲಾಗ ಹುಳ ಆಗ್ಯಾವ” ಅನ್ನುವುದನ್ನು ಕೇಳಿದ್ದೇನೆ. ಅಲ್ಲೂ ಹುಳವೇ, ಅದೂ ಬಹುವಚನದಲ್ಲಿ! ಕರಾವಳಿ, ಕೊಡಗು, ಕಲಬುರಗಿ ಕಡೆಯವರು ದಯವಿಟ್ಟು ನಿಮ್ಮ ಮನೆಮಾತು ತಿಳಿಸಿ.

ಜೊತೆಗೆ ಇನ್ನೊಂದೆರಡು ತೊಡಕು. ಈ ಮಕ್ಕಳಲ್ಲಿ ಕೆಲವರು ಬ್ರಷ್ ಮುಟ್ಟುವುದಿಲ್ಲ. ಕೆಲವರು ವಸಡು ಕಿತ್ತುಹೋಗುವಷ್ಟು ಉಜ್ಜುತ್ತಾರೆ. ಮನೆಯವರ ಬ್ರಷ್ಷುಗಳ ಜೊತೆ ತನ್ನದನ್ನು ಒಂದೇ ಲೋಟದಲ್ಲಿ ಇಡಲು ಒಂದು ಹುಡುಗಿ ಒಪ್ಪುವುದಿಲ್ಲ. “ಎಂಜಲು” ಅನ್ನುತ್ತಾಳೆ. ಅಜ್ಜಿ ಅದನ್ನು ಮಡಿ ಅಂತ ಮೆಚ್ಚಿಕೊಂಡಿದ್ದಾರೆ! ಮಡಿ ಮಾಡುವವರಿಗೆ ಮುಗಿದ ಮೇಲೆ ನೆಮ್ಮದಿ ಸಿಗುತ್ತದೆ, ಗೀಳಿನಲ್ಲಿ ಅದು ಮುಗಿಯುವುದೇ ಇಲ್ಲ. ಹೀಗೆ ಬರೆದರೆ ಸಾಕಾ? ಉಗುಳು, ಜೊಲ್ಲು, ಎಂಜಲು ಈ ಮೂರರಲ್ಲಿ ಅಸಹ್ಯ ಇಲ್ಲದ್ದು ಯಾವುದು? ನನಗೆ ‘ಬಾಯಿನೀರು’ ವಾಸಿ ಅನ್ನಿಸುತ್ತದೆ.

ಕರಪತ್ರದ ಮೊದಲ ಕರಡಿನಲ್ಲಿ “ಮಗು ರಾತ್ರಿ ಹಲ್ಲು ಮಸೆಯುತ್ತದೆಯೇ?” ಅಂತ ಅಚ್ಚಾಗಿತ್ತು. ಯಾರ ಮೇಲೆ ಅಂತ ನಮ್ಮ ನರ್ಸ್ ಕೇಳಿದಳು. ‘ಕಡಿಯುತ್ತದೆಯೇ’ ಅಂತ ತಿದ್ದಿದ್ದೇನೆ.

ಸ್ಟ್ರೆಪ್ಪಿನದೂ ಒಂದು ಗೊಂದಲ. ಹಲ್ಲು ಹುಳುಕು ಮಾಡುವುದೂ ಸ್ಟ್ರೆಪ್ಟೊಕಾಕಸ್ಸೇ, ಆದರೆ ಮ್ಯೂಟನ್ಸ್ ಅನ್ನುವ ಬೇರೆ ಜಾತಿ. 1924ರಲ್ಲಿ ಕ್ಲಾರ್ಕ್ ಅನ್ನುವ ಸಂಶೋಧಕ ಅದಕ್ಕೆ ಹೆಸರಿಟ್ಟ. ಗಂಟಲಿನದು ಪಯೋಜೆನಿಸ್. “ಹಲ್ಲು ಹುಳುಕಾದದ್ದಕ್ಕೇ ನನ್ನ ಮಗನಿಗೆ ಹೀಗಾಯ್ತಾ?” ಅಂತ ತಾಯಂದಿರು ಅಳುತ್ತಾ ಕೇಳುತ್ತಾರೆ. ಗ್ರೀಕಿನಲ್ಲಿ ಸ್ಟ್ರೆಪ್ಟೊಕಾಕಸ್ ಅನ್ನುವ ಹೆಸರಿಗೆ ತಿರುಚಿದ ಸರ, ಕಾಳು ಅನ್ನುವ ಅರ್ಥ. ‘ಮಣಿಸರದ ಜೀವಿ, ಗಂಟಲಿನ ಸರ ಬೇರೆ, ಹಲ್ಲಿನ ಸರ ಬೇರೆ’ ಅಂತ ಬರೆದಿದ್ದೇನೆ. ಜಾಸ್ತಿ ಆಯಿತಾ?

ಕೊನೆಯದಾಗಿ, ಇಂಜೆಕ್ಷನ್ ಕೊಟ್ಟಾಗ ತುಟಿ ‘ಮರಗಟ್ಟುತ್ತದೆ’ ಅನ್ನುತ್ತೇವೆ. ಮಾತನ್ನು ಅಕ್ಷರಕ್ಕೆ ಅಕ್ಷರ ನಂಬುವ ಮಗುವಿಗೆ ತುಟಿ ಮರವಾಗುವುದು ಬೇಡ. ಕಾಲಿಗೆ ಹಿಡಿಯುವ ‘ಜೋಮು’ ಎಲ್ಲ ಮಕ್ಕಳಿಗೂ ಗೊತ್ತು, ಅದು ಬಿಟ್ಟುಹೋಗುತ್ತದೆ ಅನ್ನುವುದೂ ಗೊತ್ತು. ತುಟಿಗೂ ಜೋಮು ಹಿಡಿಯುತ್ತದೆ ಅನ್ನಬಹುದಾ?

ಆ ಹುಡುಗ ಈಗ ಊಟ ಮಾಡುತ್ತಿದ್ದಾನಂತೆ. ಮುಂದಿನ ಗುರುವಾರ ಬೆಳಗ್ಗೆ, ಬೇರೆ ಯಾರೂ ಇಲ್ಲದ ಹೊತ್ತಿಗೆ ಬರಲು ಹೇಳಿದ್ದೇನೆ. ಅಷ್ಟರೊಳಗೆ ಒಂದು ಒಳ್ಳೆಯ ಪದ ಸಿಕ್ಕರೆ ಉಪಕಾರ.