ರೆಡ್ ಆಕ್ಸೈಡ್ ನೆಲ ಉಳಿಸಿಕೊಂಡು ಅಡುಗೆಮನೆ ಬದಲಿಸುವುದು: ಕಲ್ಲು, ಶಟರ್, ಡ್ಯಾಡೋಗೆ ಯಾವ ಬಣ್ಣ?

ಕೆಂಪುನೆಲ:

ನಮ್ಮದು ಮೈಸೂರಿನ ಹಳೇ ಮನೆ. ಅಡುಗೆಮನೆ 10 × 8 ಅಡಿ, ಪೂರ್ವಕ್ಕೆ ಒಂದೇ ಕಿಟಕಿ. ನೆಲ ರೆಡ್ ಆಕ್ಸೈಡ್, ಸುತ್ತ ನಾಲ್ಕಿಂಚಿನ ಕಪ್ಪು ಅಂಚು. ಎರಡು ಕೂದಲೆಳೆ ಬಿರುಕು ಇವೆ ಅಷ್ಟೇ, ಗಟ್ಟಿಯಾಗಿದೆ, ಕೀಳುವುದಿಲ್ಲ. ಹಳೇ ಕಡಪ ಕಲ್ಲಿನ ಕಟ್ಟೆ, ಡ್ಯಾಡೋ (ಕಟ್ಟೆಯ ಮೇಲಿನ ಗೋಡೆ) ಟೈಲ್ ಎರಡೂ ಹೋಗುತ್ತವೆ. ಹೊಸ ಕಟ್ಟೆ ಎಲ್ ಆಕಾರದಲ್ಲಿ, 10 ಅಡಿ ಮತ್ತು 8 ಅಡಿ ಗೋಡೆಗಳುದ್ದಕ್ಕೂ.

ಡಿಸೈನರ್ ಕೊಟ್ಟಿರುವುದು: ತಿಳಿಬೂದು ಹೊಳಪಿನ ಅಕ್ರಿಲಿಕ್ ಶಟರ್ (ಕಪಾಟಿನ ಬಾಗಿಲು), ಬಿಳಿ ಕ್ವಾರ್ಟ್ಜ್ ಕಟ್ಟೆ, ಬೂದು ಟೈಲ್. ಅವರ ಚಿತ್ರದಲ್ಲಿ ನೆಲವೂ ಬೂದು! ನಮ್ಮ ನೆಲಕ್ಕೆ ಇದು ಹೊಂದುತ್ತದೆಯೇ? ಯಾವುದನ್ನು ಮೊದಲು ಆರಿಸಬೇಕು? ದಿನಾ ಒಗ್ಗರಣೆ, ಅರಿಶಿನ, ಹುಣಸೆ ಎಲ್ಲ ಇರುವ ಅಡುಗೆ.

ಬೆಳಕಿಂಡಿ:

ಬದಲಾಗದ್ದು ನೆಲ, ಹಾಗಾಗಿ ಲೆಕ್ಕ ಅಲ್ಲಿಂದಲೇ ಶುರು. ನೆಲ, ಆಮೇಲೆ ಕಲ್ಲು, ಆಮೇಲೆ ಶಟರ್, ಕೊನೆಗೆ ಡ್ಯಾಡೋ ಟೈಲ್ ಮತ್ತು ಗೋಡೆ ಬಣ್ಣ. ಪೇಂಟ್‌ನಲ್ಲಿ ನೂರಾರು ಶೇಡ್ ಸಿಗುತ್ತವೆ, ಕಲ್ಲಿನಲ್ಲಿ ಹತ್ತಿಪ್ಪತ್ತು. ಆಯ್ಕೆ ಕಡಿಮೆ ಇರುವುದನ್ನೇ ಮೊದಲು ಹಿಡಿಯಬೇಕು.

ನಿಮ್ಮ ನೆಲದ ಕೆಂಪಿನೊಳಗೆ ಕಂದು-ಕಿತ್ತಳೆ ಛಾಯೆ ಇರುತ್ತದೆ. ತಿಳಿಬೂದಿನೊಳಗೆ ಸಾಮಾನ್ಯವಾಗಿ ನೀಲಿ. ಪಕ್ಕಪಕ್ಕ ಇಟ್ಟರೆ ಬೂದು ಸುಣ್ಣ ಹೊಡೆದ ತಗಡಿನ ಹಾಗೆ ಕಾಣುತ್ತದೆ, ನೆಲ ಇನ್ನೂ ಕಡುವಾಗುತ್ತದೆ. ಕೆಳಗಿನ ಶಟರ್‌ಗೆ ಹಳದಿ ಬೆರೆತ ಹಸಿರು (ಆಲಿವ್ ಅನ್ನುತ್ತಾರಲ್ಲ, ಅದು) ಅಥವಾ ಕೆನೆ ಬಣ್ಣ. ಮೇಲಿನದಕ್ಕೆ ಕೆನೆ ಮಾತ್ರ. 8 ಅಡಿ ಅಗಲದ ಕೋಣೆಯಲ್ಲಿ ಕಣ್ಣಿನ ಮಟ್ಟಕ್ಕೆ ಗಾಢ ಬಣ್ಣ ಬಂದರೆ ಗೋಡೆ ಮುಂದಕ್ಕೆ ಬಂದ ಹಾಗಾಗುತ್ತದೆ. ಮರದ ವಿನ್ಯಾಸದ ಲ್ಯಾಮಿನೇಟ್ ಬೇಕೆಂದರೆ ತೇಗದ ಹಳದಿ-ಕಂದು ಇರಲಿ. ಕೆಂಪುಮರದ ಶೇಡ್ ಬೇಡ, ನೆಲದ ಜೊತೆ ಜಗಳಕ್ಕೆ ನಿಲ್ಲುತ್ತದೆ.

ಸ್ಯಾಂಪಲ್ ಅನ್ನು ಅಂಗಡಿಯ ದೀಪದಡಿ ಒಪ್ಪಬೇಡಿ. ಮನೆಗೆ ತಂದು ಕಲ್ಲಿನ ತುಂಡನ್ನು ಅಡ್ಡ, ಶಟರ್ ತುಂಡನ್ನು ನೆಟ್ಟಗೆ, ಅವು ಕೂರುವ ಜಾಗದಲ್ಲೇ ಇಡಿ. ಬೆಳಗ್ಗೆ 8ಕ್ಕೊಮ್ಮೆ, ರಾತ್ರಿ ದೀಪ ಹಾಕಿ ಒಮ್ಮೆ ನೋಡಿ. 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬಿಳಿ ಎಲ್‌ಇಡಿ ಇದ್ದರೆ ಕೆನೆ ನೀಲಿಗೆ ತಿರುಗಿ ನೆಲ ಸತ್ತ ಹಾಗೆ ಕಾಣುತ್ತದೆ. 4000 ಕೆಲ್ವಿನ್, ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಂಕ) 90ಕ್ಕೆ ಮೇಲೆ ಇರುವುದನ್ನು ಹಾಕಿ.

ಕೀಸುಳಿ:

ಕಲ್ಲಿನ ವಿಷಯ. ನೆಲದಲ್ಲಿ ಕಪ್ಪು ಅಂಚು ಈಗಾಗಲೇ ಇದೆಯಲ್ಲ, ಅದನ್ನೇ ಮೇಲಕ್ಕೆ ತನ್ನಿ: ಕರಿ ಗ್ರಾನೈಟ್. ಚಾಮರಾಜನಗರದ ಕರಿಕಲ್ಲು ನಿಮಗೆ ಪಕ್ಕದಲ್ಲೇ. ಟ್ಯಾನ್ ಬ್ರೌನ್ ಗ್ರಾನೈಟ್ ಬೇಡ, ಅದರ ಕೆಂಪು ಚುಕ್ಕೆ ನೆಲದ ಕೆಂಪಿಗೆ ಸೇರುವುದಿಲ್ಲ.

ಸ್ಲ್ಯಾಬ್‌ಗೆ ಬಣ್ಣ ಹಾಕಿ ಕಪ್ಪು ಮಾಡಿ ಮಾರುವುದೂ ಉಂಟು. ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಜೋರಾಗಿ ಉಜ್ಜಿ; ಬಟ್ಟೆ ಕಪ್ಪಾದರೆ ವಾಪಸ್ ಬನ್ನಿ. ಇನ್ನೊಂದು, ಸ್ಲ್ಯಾಬಿನ ಮೂಲೆಯಲ್ಲಿ ನಾಲ್ಕು ಹನಿ ನೀರು ಬಿಟ್ಟು 10 ನಿಮಿಷ ಕಾಯಿರಿ. ಒರೆಸಿದ ಮೇಲೆ ಕಪ್ಪು ಗುರುತು ಉಳಿದರೆ ಕಲ್ಲು ನೀರು ಕುಡಿಯುತ್ತದೆ, ಅಂಥದಕ್ಕೆ ಎಣ್ಣೆಯೂ ಇಳಿಯುತ್ತದೆ.

ಬಿಳಿ ಕ್ವಾರ್ಟ್ಜ್‌ನಲ್ಲಿ ಕಲ್ಲಿನ ಪುಡಿಯನ್ನು ಹಿಡಿದಿರುವುದು ರಾಳ. ಒಲೆಯಿಂದ ಇಳಿಸಿದ ಕುಕ್ಕರ್ ನೇರ ಇಟ್ಟರೆ ಅಲ್ಲಿ ಹಳದಿ ಕಲೆ ಕೂರಬಹುದು, ಪಾಲಿಶ್‌ಗೂ ಹೋಗುವುದಿಲ್ಲ. ಅರಿಶಿನ ರಾತ್ರಿಯಿಡೀ ಬಿಟ್ಟರೂ ಕಲೆ ಬೀಳಬಹುದು.

ನಿಮ್ಮ ಅಳತೆಗೆ ಕಟ್ಟೆ 10 + 6 (ಮೂಲೆಯ 2 ಅಡಿ ಎರಡು ಸಲ ಎಣಿಸುವಂತಿಲ್ಲ) = 16 ಅಡಿ ಓಟ, ಅಗಲ 25 ಇಂಚು; ಅಂದರೆ ಸುಮಾರು 33–34 ಚದರಡಿ, ಮುಂದಿನ ಪಟ್ಟಿ ಬೇರೆ. ಮುಂದಿನ ಅಂಚಿನ ಅಡಿಯಲ್ಲಿ 3–4 ಮಿ.ಮೀ. ಗೀರು ಹಾಕಿಸಿ. ಗೀರಿಲ್ಲದಿದ್ದರೆ ಸಿಂಕಿನ ನೀರು ಕಲ್ಲಿನ ಅಡಿ ಹರಿದು ಶಟರಿನ ಮೇಲಂಚಿಗೆ ಇಳಿಯುತ್ತದೆ. ಲ್ಯಾಮಿನೇಟ್ ಏಳುವುದು ಅಲ್ಲಿಂದಲೇ.

ಶಟರ್ ಮತ್ತು ಕಪಾಟಿನ ಪೆಟ್ಟಿಗೆಗೆ 18 ಮಿ.ಮೀ. ಪ್ಲೈ, ಸಿಂಕಿನ ಕೆಳಗಾದರೂ ಐಎಸ್ 710 ಗುರುತಿನದು (ನೀರು ತಡೆಯುವ ಮರೀನ್ ಪ್ಲೈ). ಮೇಲೆ 1 ಮಿ.ಮೀ. ಸ್ವೇಡ್ (ಹೊಳಪಿಲ್ಲದ) ಫಿನಿಶ್ ಲ್ಯಾಮಿನೇಟ್. ಕೆನೆ ಬಣ್ಣದಲ್ಲಿ ಒಂದು ತೊಂದರೆ: ಲ್ಯಾಮಿನೇಟಿನ ಒಳಪದರ ಕಂದು, ಅಂಚಿನಲ್ಲಿ ಸಣ್ಣ ಕಪ್ಪು ಗೆರೆ ಕಾಣುತ್ತದೆ. ಅದೇ ಶೇಡಿನ 2 ಮಿ.ಮೀ. ಎಡ್ಜ್ ಬ್ಯಾಂಡ್ (ಅಂಚಿನ ಪಟ್ಟಿ) ಹಾಕಿಸಿದರೆ ಗೆರೆ ಅಷ್ಟು ಎದ್ದು ಕಾಣುವುದಿಲ್ಲ. ಕೆಳಗಿನ ಶಟರ್ ಸುಮಾರು 40 ಚದರಡಿ, 8 × 4ರ ಎರಡು ಹಾಳೆ. ಎರಡೂ ಒಂದೇ ಬ್ಯಾಚ್ ಇರಲಿ, ಒಂದೇ ಕೋಡ್ ಆದರೂ ಬ್ಯಾಚ್ ಬೇರೆಯಾದರೆ ಹಸಿರು ಹೆಚ್ಚುಕಡಿಮೆ ಆಗುತ್ತದೆ.

ಒಗ್ಗರಣೆ ಸಾಕು:

ಕರಿ ಗ್ರಾನೈಟ್ ಗಟ್ಟಿ, ಒಪ್ಪಿದೆ. ಆದರೆ ಸುಲಭ ಅನ್ನಬೇಡಿ. ಬೋರ್‌ವೆಲ್ ನೀರಾದರೆ ಸಿಂಕಿನ ಸುತ್ತ ಬಿಳಿ ಉಪ್ಪಿನ ಕಲೆ ದಿನಾ ಕಾಣುತ್ತದೆ, ಚಪಾತಿ ಹಿಟ್ಟೂ ಹಾಗೇ. ಲೆದರ್ ಫಿನಿಶ್ (ಸಣ್ಣ ಉಬ್ಬುತಗ್ಗಿನ ಮೈ) ಮಾಡಿಸಿದರೆ ಕಲೆ ಮರೆಯಾಗುತ್ತದೆ, ಬದಲಿಗೆ ದೋಸೆ ಹಿಟ್ಟು ಗುಂಡಿಗಳಲ್ಲಿ ಒಣಗಿ ಕೂರುತ್ತದೆ. ನನ್ನ ಮತ ಪಾಲಿಶ್ ಕಲ್ಲಿಗೇ. ಮೇಲಿನ ಕಪಾಟಿನಡಿ ಎಲ್‌ಇಡಿ ಪಟ್ಟಿ ಹಾಕುವುದಾದರೆ ಹಾಲುಬಿಳಿ ಮುಚ್ಚಳದ ಅಲ್ಯೂಮಿನಿಯಂ ಪ್ರೊಫೈಲ್ ಬೇಕೇ ಬೇಕು, ಇಲ್ಲದಿದ್ದರೆ ಒಂದೊಂದು ಚುಕ್ಕೆಯೂ ಕಲ್ಲಿನಲ್ಲಿ ಹೊಳೆಯುತ್ತದೆ.

ಕೆಂಪುನೆಲ:

ಬೂದು, ಕ್ವಾರ್ಟ್ಜ್ ಎರಡೂ ಕೈಬಿಟ್ಟೆ. ಕೆಳಗೆ ಆಲಿವ್, ಮೇಲೆ ಕೆನೆ, ಕರಿಕಲ್ಲು. ಡ್ಯಾಡೋಗೆ ಅಥಂಗುಡಿ ಥರದ ಚಿತ್ತಾರದ ಟೈಲ್ ಹಾಕಬಹುದಾ? ಕೆಲಸ ನಡೆಯುವಾಗ ನೆಲ ಕಾಪಾಡುವುದು ಹೇಗೆ?

ಕರಣೆ:

ಚಿತ್ತಾರ ಬೇಡ ಅನ್ನುತ್ತೇನೆ. ಕೆಂಪು, ಕಪ್ಪು, ಹಸಿರು, ಕೆನೆ ಆಗಲೇ ನಾಲ್ಕಾಯಿತು. ಅಲ್ಲದೆ ಅಥಂಗುಡಿ ಸಿಮೆಂಟ್ ಟೈಲ್, ಒಲೆಯ ಹಿಂದೆ ಎಣ್ಣೆ ಹೀರುತ್ತದೆ. ಕೆನೆ ಬಣ್ಣದ ನುಣುಪು ಟೈಲ್, 300 × 600 ಮಿ.ಮೀ., ಅಡ್ಡಡ್ಡ. ಉಬ್ಬುತಗ್ಗಿನ ಮ್ಯಾಟ್ ಟೈಲ್‌ನಲ್ಲಿ ಜಿಡ್ಡು ನಿಲ್ಲುತ್ತದೆ.

ಗೋಡೆ 10 + 8 = 18 ಅಡಿ ಓಟ, 2 ಅಡಿ ಎತ್ತರ: 36 ಚದರಡಿ, 18 ಟೈಲ್. ತುಂಡಿಗೆ 2 ಸೇರಿಸಿ 20. ಒಲೆಯ ಹಿಂದೆ ಚಿಮಣಿವರೆಗೆ ಏರಿಸುವುದಾದರೆ ಇನ್ನೆರಡು. ಟೈಲ್ ಪೆಟ್ಟಿಗೆ ಮೇಲಿನ ಶೇಡ್ ನಂಬರ್ ಎಲ್ಲದರಲ್ಲೂ ಒಂದೇ ಇದೆಯಾ ನೋಡಿ. ವಿಟ್ರಿಫೈಡ್ ಆದರೆ ಬರೀ ಸಿಮೆಂಟ್ ಹಾಲು ಬಳಿದು ಅಂಟಿಸಬೇಡಿ. ಅದು ನೀರು ಹೀರುವುದು 0.5 ಶೇಕಡಕ್ಕಿಂತ ಕಡಿಮೆ, ಸಿಮೆಂಟ್ ಕಚ್ಚುವುದಿಲ್ಲ. ಟೈಲ್ ಅಡೆಸಿವ್ ಬೇಕು.

ಸಂದು 2 ಮಿ.ಮೀ., ತುಂಬಲು ಎಪಾಕ್ಸಿ (ರಾಳದ) ಗ್ರೌಟ್. ಸಿಮೆಂಟ್ ಗ್ರೌಟ್ ಬೇಗನೆ ಅರಿಶಿನ ಬಣ್ಣಕ್ಕೆ ಬರುತ್ತದೆ. ನಿಮ್ಮ ಗೋಡೆಗೆ ಅರ್ಧ ಕಿಲೋ ಆಸುಪಾಸು ಬೇಕಾಗುತ್ತದೆ, 1 ಕಿಲೋ ಪ್ಯಾಕ್ ಸಾಕು. ಗ್ರೌಟ್ ಶೇಡ್ ಟೈಲ್‌ಗಿಂತ ಒಂದು ಹಂತ ಕಡುವಾಗಿರಲಿ. ಕಲಸಿದ್ದನ್ನು ಸ್ವಲ್ಪ ಸ್ವಲ್ಪ ತುಂಬಿ ಆಗಿಂದಾಗಲೇ ಒರೆಸಿಸಿ. ಗಟ್ಟಿಯಾದ ಪೊರೆ ಟೈಲ್ ಮೇಲಿಂದ ಹೋಗುವುದು ಕಷ್ಟ.

ಇನ್ನು ನೆಲ. ಮೊದಲು ಗುಡಿಸಿ ಮರಳು ಕಣ ಒಂದೂ ಇಲ್ಲದ ಹಾಗೆ ಮಾಡಿ, ಮೇಲೆ ದಪ್ಪ ಪ್ಲಾಸ್ಟಿಕ್, ಅದರ ಮೇಲೆ ಗೋಣಿ, ಅದರ ಮೇಲೆ ಹಳೇ ಪ್ಲೈ ಹಾಳೆ. ಕಲ್ಲು ಕೊಯ್ಯುವುದು ಅಂಗಳದಲ್ಲೇ. ಮುಗಿದ ಮೇಲೆ ಟೈಲ್ ತೊಳೆಯಲು ಆ್ಯಸಿಡ್ ಬಾಟಲಿ ತಂದರೆ ಗೇಟಿನಲ್ಲೇ ತಡೆಯಿರಿ, ಒಂದು ಲೋಟ ಚೆಲ್ಲಿದರೂ ಆಕ್ಸೈಡ್ ನೆಲದ ಹೊಳಪು ಕಿತ್ತು ಬಿಳಿ ಮಚ್ಚೆ ಬೀಳುತ್ತದೆ. ಕಪಾಟುಗಳು ನಾಲ್ಕಿಂಚಿನ ಕಾಲಿನ ಮೇಲೆ ನಿಲ್ಲಲಿ, ನೆಲಕ್ಕೆ ಡ್ರಿಲ್ ಬೇಡ.

ಆ ಕೂದಲೆಳೆ ಬಿರುಕಿಗೆ ಹೊಸ ಆಕ್ಸೈಡ್ ಕಲಸಿ ತುಂಬಲು ಹೋಗಬೇಡಿ. ಒಣಗಿದ ಮೇಲೆ ಬೇರೆಯದೇ ಕೆಂಪು ಬಂದು, ಬಿರುಕಿಗಿಂತ ತೇಪೆಯೇ ಎದ್ದು ಕಾಣುತ್ತದೆ.