ಟೊಮೆಟೊಗೆ ಚುಚ್ಚಿದ ಸೂಜಿ: ಅಳಿಸಲೋ, ಬಿಡಲೋ?

ಕುಂಚ:
ಕುಲಾಂತರಿ (ಜೀನ್ ಬದಲಿಸಿದ) ಆಹಾರದ ವಿರುದ್ಧ ಮೆರವಣಿಗೆ ಇದೆ, ಅದಕ್ಕೆ ಪೋಸ್ಟರ್ ಬರೆಯುತ್ತಿದ್ದೇನೆ. ಕೆಂಪು ಟೊಮೆಟೊ, ಅದಕ್ಕೆ ಚುಚ್ಚಿದ ಸಿರಿಂಜ್, ಒಳಗೆ ಹಸಿರು ದ್ರವ. ತೊಟ್ಟಿನ ಪಕ್ಕದ ಹೊಳಪಿಗೇ ಎರಡು ಗಂಟೆ ಹಿಡಿಯಿತು. ಜೀವಶಾಸ್ತ್ರ ಓದುವ ಮಗಳು ನೋಡಿ, "ಹಣ್ಣಿಗೆ ಯಾರೂ ಸೂಜಿ ಚುಚ್ಚಲ್ಲ ಅಪ್ಪ" ಅಂದಳು. ಈಗ ಏನು ಮಾಡಲಿ?

ಹಳೇ ಫಲಕ:
ಮಗಳು ಹೇಳಿದ್ದು ಸರಿ. ಬ್ಯಾಕ್ಟೀರಿಯಾದ ಮೂಲಕವೋ, ಜೀನ್ ಲೇಪಿಸಿದ ಚಿನ್ನದ ಕಣ ಹೊಡೆದೋ ಜೀವಕೋಶದಲ್ಲೇ ಜೀನ್ ಸೇರಿಸುವ ಕೆಲಸ ಮುಗಿದಿರುತ್ತದೆ. ಆದರೆ ಜೀನ್ ಕಣ್ಣಿಗೆ ಕಾಣುತ್ತಾ? ಹಾಗಾಗಿ ನಾವು ಚಿತ್ರ ಬರೆಯುವವರು ಆಸ್ಪತ್ರೆಯಿಂದ ಸೂಜಿ ಸಾಲ ತಂದೆವು. ಪೋಸ್ಟರ್‌ಗಳಲ್ಲಿ ಬರೆಯುವ ಮೀನಿನ ಬಾಲದ ಟೊಮೆಟೊ ಕೂಡ ಹಾಗೇ. ಚಳಿ ತಡೆಯಲಿ ಅಂತ ಫ್ಲೌಂಡರ್ ಮೀನಿನ ಜೀನ್ ಸೇರಿಸಿ ನೋಡಿದ್ದು ನಿಜ, ಅದು ಮಾರುಕಟ್ಟೆಗೆ ಬರಲೇ ಇಲ್ಲ. 1994ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಫ್ಲೇವರ್ ಸೇವರ್ ಅನ್ನೋ ಕುಲಾಂತರಿ ಟೊಮೆಟೊದಲ್ಲಿ ಮೀನಿನ ಜೀನ್ ಇರಲೇ ಇಲ್ಲ.

ನಾನೂ ಮೆರವಣಿಗೆಯಲ್ಲಿ ಮೊನಾರ್ಕ್ ಚಿಟ್ಟೆಯ ವೇಷ ಹಾಕಿದ್ದವನು! 1999ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಬಿಟಿ ಮೆಕ್ಕೆಜೋಳದ (ಕೀಟ ಕೊಲ್ಲುವ ಬ್ಯಾಕ್ಟೀರಿಯಾ ಜೀನ್ ಸೇರಿಸಿದ ತಳಿ) ಪರಾಗ ಉದುರಿಸಿದ ಎಲೆ ತಿನ್ನಿಸಿದಾಗ ಆ ಚಿಟ್ಟೆಯ ಮರಿಹುಳುಗಳಲ್ಲಿ ಹಲವು ಸತ್ತಿದ್ದವು. ರಟ್ಟಿನ ರೆಕ್ಕೆಗೆ ಕಿತ್ತಳೆ ಬಣ್ಣ ಬಳಿದು ಕಟ್ಟಿಕೊಂಡೆ. ಗಾಳಿಗೆ ಎಡರೆಕ್ಕೆ ಕಿತ್ತು ಹೋಯಿತು. 2001ರಲ್ಲಿ ಹೊಲದ ಅಧ್ಯಯನಗಳು ಬಂದವು, ಅಪಾಯ ತೀರಾ ಕಡಿಮೆ ಅಂದವು. ಬಲರೆಕ್ಕೆಯನ್ನೂ ಬಿಚ್ಚಿಟ್ಟೆ.

ಖಾಲಿ ಹಾಳೆ:
ಪೋಸ್ಟರ್ ಅಂದ್ರೆ ಪಾಠಪುಸ್ತಕ ಅಲ್ವಲ್ಲ! ದೂರದಿಂದ ನೋಡಿದವರಿಗೆ ಒಂದೇ ಏಟಿಗೆ ತಿಳಿಯಬೇಕು. ಸೂಜಿ ಇರಲಿ ಬಿಡಿ.

ಹಳೇ ಫಲಕ:
ತಿಳಿಯುತ್ತೆ, ಆದರೆ ಏನು ತಿಳಿಯುತ್ತೆ? 1999ರ ಜುಲೈನಲ್ಲಿ ಇಂಗ್ಲೆಂಡಿನ ಲಿಂಗ್ ಊರಲ್ಲಿ ಗ್ರೀನ್‌ಪೀಸ್ ಪರಿಸರ ಸಂಘಟನೆಯವರು ಕುಲಾಂತರಿ ಮೆಕ್ಕೆಜೋಳ ಕಡಿದರು. ಮೈತುಂಬ ಬಿಳಿ ರಕ್ಷಣಾ ಸೂಟು. ಬೆಳೆಯ ಬಗ್ಗೆ ಒಂದಕ್ಷರ ಬೇಕಿರಲಿಲ್ಲ, ಬಟ್ಟೆ ನೋಡಿದವನೇ ಅದು ವಿಷ ಅಂದುಕೊಳ್ಳಬೇಕು. ಪುರಾವೆ ಕೊಡದೆ ತೀರ್ಪು ಕೊಡುವ ಚಿತ್ರ ಅದು. ನಿಮ್ಮ ಸೂಜಿಯೂ ಅಷ್ಟೇ. ನಿಮ್ಮ ಬೇಡಿಕೆ ಏನು, ಆಹಾರದ ಮೇಲೆ ಕುಲಾಂತರಿ ಅನ್ನೋ ಲೇಬಲ್ ಬೇಕು ಅಂತಲಾ? ಹಾಗಿದ್ರೆ ಲೇಬಲ್ಲನ್ನೇ ಬರೆಯಿರಿ.

ಕುಂಚ:
ಹೌದು, ಲೇಬಲ್ ಬೇಕು ಅಂತಲೇ. ಸೂಜಿಯ ಮೇಲೆ ಬಿಳಿ ಬಳಿದು ಖಾಲಿ ಚೀಟಿ ಅಂಟಿಸಿದ ಹಾಗೆ ಮಾಡಿದ್ದೇನೆ. ಹಸಿರು ಮಾತ್ರ ಇನ್ನೂ ಸ್ವಲ್ಪ ಇಣುಕುತ್ತಿದೆ, ಇನ್ನೊಂದು ಕೋಟ್ ಬೇಕು. ಮಗಳು ಹೊಳಪು ಚೆನ್ನಾಗಿದೆ ಅಂದಳು.