ಎರಡೂವರೆ ದಾಟಿದೆ, ಇನ್ನೂ ‘ತಲೆಂಟ್ ಓತು’: ಅನುಭವ ಇದ್ದೋರು ಹೇಳಿ

ಹೊಸನಗರದ ಅಪ್ಪ:
ಮಗಳಿಗೆ 2 ವರ್ಷ 7 ತಿಂಗಳು. ಕಾಗೆ ‘ತಾದೆ’, ಕರು ‘ತಲು’, ಮಜ್ಜಿಗೆ ‘ಮಜ್ಜಿದೆ’. ನಮ್ಮೂರಲ್ಲಿ ಮಳೆಗಾಲ ಅಂದ್ರೆ ಗೊತ್ತಲ್ಲ, ದಿನಕ್ಕೆ ಹತ್ತು ಸಲ ‘ತಲೆಂಟ್ ಓತು’ (ಕರೆಂಟ್ ಹೋಯ್ತು) ಅಂತಾಳೆ. ಎರಡು ಮೂರು ಪದ ಸೇರಿಸ್ತಾಳೆ, ಹೇಳಿದ್ದೆಲ್ಲ ಅರ್ಥ ಆಗತ್ತೆ. ಹೆಂಡತಿ ಕಡೆ ಕೊಂಕಣಿ, ನಮ್ಮ ಕಡೆ ಕನ್ನಡ. ಅತ್ತೆ ‘ತೋರಿಸಿ’ ಅಂತಾರೆ, ಅಪ್ಪಯ್ಯ ‘ನೀನೂ ಹಂಗೇ ಇದ್ದೆ’ ಅಂತಾರೆ. ಕಾಯೋದಾ, ತೋರಿಸೋದಾ?

ಸಾಗರದ ಅಮ್ಮ:
ಕಾದು ಕೆಟ್ಟೋಳು ನಾನು. ಮಗನಿಗೆ ಮೂರು ತುಂಬಿದ್ರೂ ಬರೀ ‘ಆ’, ‘ಊ’. ಗಂಡು ಮಕ್ಕಳು ತಡ ಅಂತ ಊರೆಲ್ಲ ಹೇಳ್ತು. ಆಮೇಲೆ ಶಿವಮೊಗ್ಗದಲ್ಲಿ ಒಬ್ಬರ ಹತ್ರ ವಾರಕ್ಕೆರಡು ದಿನ ಸ್ಪೀಚ್ ಥೆರಪಿ, ಸಲಕ್ಕೆ 500. ಜ್ವರ ಬಂದ ನಾಲ್ಕು ದಿನ ಬಿಟ್ಟು 48 ಸಲ. ಅಂದ್ರೆ 24,000, ಬಸ್ಸು, ಹೋಟೆಲ್ ಇಡ್ಲಿ, ಬಸ್ಸಲ್ಲಿ ವಾಂತಿ ಎಲ್ಲ ಬೇರೆ. ಆರು ತಿಂಗಳು ಬಣ್ಣದ ಕಾರ್ಡ್ ತೋರಿಸಿದ್ರೇ ಹೊರತು ಕಿವಿ ಕೇಳತ್ತಾ ಅಂತ ಒಬ್ಬರೂ ನೋಡಲಿಲ್ಲ! ಕೊನೆಗೆ ತಾಳಗುಪ್ಪದ ರೈಲು ಹತ್ತಿ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋದ್ವಿ. ಮಗು ಮಲಗಿದಾಗ ತಲೆಗೆ ವೈರ್ ಅಂಟಿಸಿ ಕಿವಿ ಕೇಳತ್ತಾ ಅಂತ ನೋಡೋ ಬೆರಾ ಟೆಸ್ಟ್. ಅವನೋ, ರೈಲಲ್ಲಿ ಇಡೀ ರಾತ್ರಿ ಮಲಗಿ ಅಲ್ಲಿ ಕಣ್ಣು ಪಿಳಿಪಿಳಿ. ಮತ್ತೊಂದು ದಿನ ಲಾಡ್ಜ್. ಕಿವಿ ತಮಟೆ ಹಿಂದೆ ನೀರು ತುಂಬಿತ್ತಂತೆ. ಅದನ್ನ ತೆಗೆಸಿದ ಮೇಲೆ ಮಾತು ಶುರುವಾಯ್ತು. ಆ 24,000 ನೆನೆದ್ರೆ ಈಗ್ಲೂ ಹೊಟ್ಟೆ ಉರಿಯತ್ತೆ.

ತೀರ್ಥಹಳ್ಳಿ ಕೃಷಿಕ:
ಈಗಿನೋರಿಗೆ ಮಗು ತೊದಲಿದ್ರೂ ಡಾಕ್ಟ್ರು ಬೇಕು. ನನ್ನ ಮಗಳು ನಾಲ್ಕರ ತನಕ ಊರಿಗೆ ‘ತೀತಲ್ಲಿ’ ಅಂದಳು, ಪತ್ರೊಡೆಗೆ ‘ಪತ್ತೊಯೆ’. ನಾವು ನಕ್ಕಿದ್ದೊಂದೇ ಚಿಕಿತ್ಸೆ. ನಮ್ಮಮ್ಮ ದಿನಾ ಬಜೆ ತೇಯ್ದು ಜೇನಲ್ಲಿ ನೆಕ್ಕಿಸ್ತಿದ್ರು. ಈಗ ಒಂಬತ್ತನೇ ಕ್ಲಾಸು, ಭಾಷಣದಲ್ಲಿ ಬಹುಮಾನ. ಖರ್ಚು ಸೊನ್ನೆ.

ಕೊಪ್ಪದ ತಾಯಿ:
ಬಜೆ ಹೆಸರು ನನ್ನೆದುರು ಎತ್ತಬೇಡಿ. ಎಂಟು ತಿಂಗಳ ಕೂಸಿಗೆ ನಮ್ಮತ್ತೆ ಬಜೆ, ಜೇನು ಎರಡೂ ಕೊಟ್ರು. ರಾತ್ರಿ ಹನ್ನೊಂದಕ್ಕೆ ವಾಂತಿ ಶುರು. ಆ ಮಳೇಲಿ ಬಾಡಿಗೆ ಕಾರು 3,200, ಎರಡು ದಿನ ಆಸ್ಪತ್ರೆ 11,400, ಅದರ ಮೇಲೆ ಡಾಕ್ಟ್ರ ಬೈಗುಳ. ವರ್ಷ ತುಂಬೋ ತನಕ ಜೇನು ಮುಟ್ಟಿಸಲೇಬಾರದು!! ನಿಮ್ಮ ಮಗಳು ಮಾತಾಡಿದ್ದು ಬಜೆಯಿಂದಲ್ಲ, ವಯಸ್ಸಿನಿಂದ. ಕ, ಗ ಸರಿಯಾಗೋ ಹೊತ್ತಿಗೆ ಸರಿಯಾಗತ್ತೆ. ರ, ಳ ಇನ್ನೂ ನಿಧಾನ.

ತೀರ್ಥಹಳ್ಳಿ ಕೃಷಿಕ:
ನಿಮ್ಮತ್ತೆಗೆ ಅಳತೆ ಗೊತ್ತಿಲ್ಲದಿದ್ರೆ ಬಜೆ ಏನು ಮಾಡತ್ತೆ?

ಕೊಪ್ಪದ ತಾಯಿ:
ನಮ್ಮತ್ತೆನ್ನ ಬೈಯೋಕೆ ನಾನಿದೀನಿ, ನೀವು ಬೇಡ.

ಶೃಂಗೇರಿ ಮೇಷ್ಟ್ರು:
ಜಗಳ ಬಿಡಿ. ನಂದು ಬೇರೆ ನೋವು. ಮಗನ ಮಾತು ತಡ ಆದಾಗ ಒಬ್ಬರು ‘ಮನೇಲಿ ಒಂದೇ ಭಾಷೆ ಇಟ್ಕೊಳ್ಳಿ’ ಅಂದ್ರು. ಹೆಂಡತಿ ತುಳು ನಿಲ್ಲಿಸಿದಳು. ಎರಡು ಭಾಷೆಯಿಂದ ಮಾತು ತಡ ಆಗಲ್ಲ, ಎರಡರ ಪದಗಳನ್ನೂ ಸೇರಿಸಿ ಎಣಿಸಬೇಕು ಅಂತ ಇನ್ನೊಬ್ಬರು ಹೇಳುವಾಗ ಅವನಿಗೆ ಐದು. ಈಗ ಅಜ್ಜಿ ‘ವಣಸ್ ಆಂಡಾ’ (ಊಟ ಆಯ್ತಾ) ಅಂತ ಕೇಳಿದ್ರೆ ನನ್ನ ಮುಖ ನೋಡ್ತಾನೆ. ನಾನು ಕನ್ನಡ ಮಾಡಿ ಹೇಳಬೇಕು. ಅಜ್ಜಿ ಈಗೀಗ ಕೇಳೋದೇ ಬಿಟ್ಟಿದಾರೆ.

ಸಾಗರದ ಅಮ್ಮ:
ಮೇಷ್ಟ್ರೇ, ಕಿವಿ ಟೆಸ್ಟ್ ಮಾಡಿಸಿದ್ರಾ?

ಶೃಂಗೇರಿ ಮೇಷ್ಟ್ರು:
ಕಿವಿ ಸರಿ ಇದೆ ಅಮ್ಮಾ. ನಾನು ಹೇಳಿದ್ದೇ ಬೇರೆ.

ಹೊಸನಗರದ ಅಪ್ಪ:
ಕೊಂಕಣಿ ಬಿಡಲ್ಲ ಹಾಗಾದ್ರೆ. ಕಿವಿ ಒಂದ್ಸಲ ತೋರಿಸ್ತೀನಿ. ಬೆರಾಕ್ಕೆ ಹೋಗೋ ದಿನ ಮಗೂನ ಎಷ್ಟು ಹೊತ್ತಿಗೆ ಎಬ್ಬಿಸಬೇಕು?

ಕೊಪ್ಪದ ತಾಯಿ:
ಅಂದ ಹಾಗೆ ತೀರ್ಥಹಳ್ಳಿಯವರೇ, ನಿಮ್ಮ ಮನೆ ಪತ್ರೊಡೆ ಮರಕೆಸುವಿಂದಾ ಅಥವಾ ಗದ್ದೆ ಬದಿ ಕೆಸುವಿಂದಾ?

ತೀರ್ಥಹಳ್ಳಿ ಕೃಷಿಕ:
ಮರಕೆಸು ಬಿಟ್ಟು ಬೇರೆದಕ್ಕೆ ಪತ್ರೊಡೆ ಅಂತಾರಾ?

ಸಾಗರದ ಅಮ್ಮ:
ಅಂತಾರೆ. ಹುಳಿ ಸರಿ ಹಾಕೋಕೆ ಬರದೋರು ಮಾತ್ರ ಕೆಸುವಿನ ಮೇಲೆ ತಪ್ಪು ಹೊರಿಸ್ತಾರೆ.

ತೀರ್ಥಹಳ್ಳಿ ಕೃಷಿಕ:
ನಾಲಿಗೆ ತುರಿಸಿದ್ರೆ ಆಮೇಲೆ ಹೇಳಿ, ಮೈಸೂರಿಗೆ ರೈಲು ಹತ್ತಬೇಕಾಗತ್ತೆ.

ಹೊಸನಗರದ ಅಪ್ಪ:
ಎಷ್ಟು ಹೊತ್ತಿಗೆ ಎಬ್ಬಿಸೋದು, ಯಾರಾದ್ರೂ ಹೇಳಿ ಮಾರಾಯ್ರೆ.